ಎಡೆಗೆ ಜಪಾನ್ ಶಾವಿಗೆ

ಉತ್ತರಹಳ್ಳಿ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ತಮ್ಮ ವೇಣುವಿಗೆ ಅಕ್ಕ ಶಾಲಿನಿಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರು ಅಂತ ಸೇರಿಸುವುದು ಪದ್ಧತಿ. ನೀನು ಬರೆಯುವವನಲ್ಲ ಅಂತ ಗೊತ್ತಿರುವುದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ಈ ಪತ್ರವನ್ನು ಹೋದ ವರ್ಷವೇ ಬರೆಯಬೇಕಿತ್ತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಉತ್ತರಹಳ್ಳಿಯಿಂದ ಬಿಟಿಎಂ ಲೇಔಟ್‌ಗೆ ಬನಶಂಕರಿಯಲ್ಲಿ ಒಂದು ಬಸ್ಸು ಬದಲಾಯಿಸಿದರೆ ಮುಗಿಯಿತು. ಅಷ್ಟು ದೂರಕ್ಕೆ ಅಂಚೆಯಲ್ಲಿ ಕಾಗದ ಹಾಕುವವಳು ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ನಿನ್ನೆ ಪೋಸ್ಟ್ ಆಫೀಸಿಗೆ ಹೋಗಿ ಕವರ್ ಕೇಳಿದರೆ ಕೌಂಟರಿನಲ್ಲಿದ್ದಾಕೆ, "ಯಾರಿಗೆ ಮೇಡಂ, ಮಿಲಿಟ್ರೀಲಿದ್ದಾರಾ?" ಅಂದಳು. "ಇಲ್ಲಮ್ಮ, ನಮ್ ತಮ್ಮ. ಇಲ್ಲೇ ಬಿಟಿಎಮ್ಮಲ್ಲಿದ್ದಾನೆ. ನನ್ ನಂಬರ್ ಬ್ಲಾಕ್ ಮಾಡವ್ನೆ" ಅಂದೆ. ಆಕೆ ಕವರಿನ ಜೊತೆಗೆ ಅಂಟಿನ ಡಬ್ಬಿಯನ್ನೂ ನನ್ನ ಕಡೆಗೆ ತಳ್ಳಿದಳು.

ಸರಿ, ವಿಷಯಕ್ಕೆ ಬರುತ್ತೇನೆ. ಮುಂದಿನ ಭಾನುವಾರ ಮಹಾಲಯ ಅಮಾವಾಸ್ಯೆ. ಅಪ್ಪ ಹಿರಿಯರ ಸಾಲಿಗೆ ಸೇರಿದ ಮೇಲೆ ಇದೇ ಮೊದಲ ಎಡೆ. ನಮ್ಮ ಮನೆಯ ಎಡೆಯ ಬಗ್ಗೆ ನಿನಗೆ ಹೇಳಿಕೊಡಬೇಕಾಗಿಲ್ಲ. ಹೋದವರು ಬದುಕಿದ್ದಾಗ ಬಾಯಿ ಚಪ್ಪರಿಸಿಕೊಂಡು ತಿಂದದ್ದೆಲ್ಲ ಎಲೆಯ ಮೇಲೆ ಬರಬೇಕು. ತಾತನಿಗೆ ಬೀಡಿ, ಅಜ್ಜಿಗೆ ಹೊಗೆಸೊಪ್ಪು, ಚಿಕ್ಕಪ್ಪನಿಗೆ ಕ್ವಾರ್ಟರ್ ಬ್ರಾಂದಿ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಅವರು ಬಂದು ಉಂಡು ಹೋಗಲಿ ಅಂತ ನಾವೆಲ್ಲ ಹೊರಗೆ ಜಗಲಿಯ ಮೇಲೆ ಕೂತು ಕಾಯಬೇಕು. ಅಮ್ಮ ತಿಂಗಳಿಂದ ಅಪ್ಪನ ಪಟ್ಟಿ ಒಪ್ಪಿಸುತ್ತಿದ್ದಾಳೆ. ನಾಟಿಕೋಳಿ ಸಾರು, ಮುದ್ದೆ, ಕಜ್ಜಾಯ, ವಡೆ, ಎಳ್ಳಿನ ಚಿಗಳಿ. ನಾನು ಎಲ್ಲಕ್ಕೂ ಹೂಂ ಅಂದೆ. ಮೊನ್ನೆ ಬುಧವಾರ ಪಟ್ಟಿಯ ಕೊನೆಗೆ, "ಮತ್ತೆ ಆ ಜಪಾನ್ ಶಾವಿಗೆ" ಅಂತ ಸೇರಿಸಿದಳು.

"ಅದನ್ನ ಯಾರಮ್ಮ ಮಾಡ್ತಾರೆ?" ಅಂದೆ.

"ನೀನೇ. ಇನ್ಯಾರು? ಕೊನೇ ಆರು ತಿಂಗ್ಳು ನಿಮ್ಮಪ್ಪ ಅದನ್ನ ಬಿಟ್ಟು ಬೇರೇನಾದ್ರೂ ಬಾಯ್ತುಂಬ ತಿಂದ್ರಾ?" ಅಂದಳು.

ನಿಜ ತಾನೇ. ನೀನು ಬಸ್ ಡಿಪೋ ಕೆಲಸಕ್ಕೆ ಅರ್ಜಿ ಹಾಕುವುದನ್ನು ಬಿಟ್ಟು ಜಪಾನ್ ಹೋಟೆಲಿನ ಅಡುಗೆಮನೆ ಸೇರಿದಾಗ, "ಪಿಳ್ಳಣ್ಣನ ಮಗ ಸೌಟು ಹಿಡಿಯೋಕ್ ಹೋದ" ಅಂತ ಊರೆಲ್ಲ ಹೇಳಿಕೊಂಡು ಬಂದವನು ಅಪ್ಪ. ಆಸ್ಪತ್ರೆಯಲ್ಲಿ ಗಂಟಲ ಕ್ಯಾನ್ಸರಿಗೆ ಅಂತ ಮೂವತ್ತು ಸಲ ಕರೆಂಟು ಕೊಟ್ಟ ಮೇಲೆ ಅವನಿಗೆ ನಮ್ಮ ಸಾರು, ಹುಳಿ, ಗೊಜ್ಜು ಎಲ್ಲ ಬೆಂಕಿಯಾಯಿತು. ಖಾರದ ಹನಿ ತಾಗಿದರೆ ಕಣ್ಣಲ್ಲಿ ನೀರು. ಆಗ ನೀನು ವಾರಕ್ಕೊಮ್ಮೆ ರಜೆಯ ದಿನ ಡಬ್ಬಿಯಲ್ಲಿ ಯಾಕಿಸೋಬಾ ಅನ್ನುವ ಆ ನೂಡಲ್ಸ್ ತರುತ್ತಿದ್ದೆ. ಕೋಳಿ, ಕೋಸು, ಕ್ಯಾರೆಟ್ಟು, ಕಂದು ಬಣ್ಣದ ಸಾಸು. ಖಾರವಿಲ್ಲ, ಮಸಾಲೆಯಿಲ್ಲ. ನೀನೇ ಅದನ್ನು ಕತ್ತರಿಯಿಂದ ಬೆರಳುದ್ದ ಕತ್ತರಿಸಿ ಅಪ್ಪನ ಬಾಯಿಗೆ ಇಡುತ್ತಿದ್ದೆ. ಅಪ್ಪ ಅದಕ್ಕೆ ಜಪಾನ್ ಶಾವಿಗೆ ಅಂತ ಹೆಸರಿಟ್ಟು, ನೀನು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಕೊಂಡು ಕಾಯುತ್ತಿದ್ದ. ಉಳಿದ ಆರು ದಿನ ನಾನು ಮಾಡಿದ್ದು ಎರಡು ಚಮಚ, ಮೂರು ಚಮಚ, ಸಾಕು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಸೀತಮ್ಮತ್ತೆ ಮೊನ್ನೆಯಿಂದ ಇಲ್ಲೇ ಇದ್ದಾಳೆ. ಅಣ್ಣನ ಎಡೆಗೆ ಹತ್ತು ದಿನ ಮುಂಚೆಯೇ ಬಂದಿಳಿದಿದ್ದಾಳೆ, ಉಸ್ತುವಾರಿ ಅವಳದೇ. ಈ ವಿಷಯ ಕಿವಿಗೆ ಬಿದ್ದದ್ದೇ ತಡ, "ಏನ್ ಅತ್ಗೆ ನೀನು, ಎಡೇಲಿ ನೂಡಲ್ಸ್ ಇಟ್ರೆ ನಮ್ಮಪ್ಪ ನಮ್ಮವ್ವ ಗಾಬ್ರಿ ಆಗಲ್ವಾ? ಹುಳ ಅನ್ಕೊಂಡು ಎದ್ದೋದ್ರೆ?" ಅಂತ ಶುರು ಮಾಡಿದಳು. ಅಮ್ಮ ಬಿಟ್ಟಾಳೆಯೇ? "ನಿಮ್ಮಪ್ಪಂಗೆ ಬೀಡಿ ಇಡೋವಾಗ ನಾನೇನಾದ್ರೂ ಅಂದ್ನಾ? ನಿಮ್ ತಮ್ಮಂಗೆ ಬ್ರಾಂದಿ ಇಡೋವಾಗ ಅಂದ್ನಾ? ನನ್ ಗಂಡ ಶಾವಿಗೆ ಕೇಳಿದ್ರೆ ಮಾತ್ರ ನಿಂಗೆ ಕಷ್ಟ" ಅಂದಳು. ಇಬ್ಬರೂ ಅರ್ಧ ದಿನ ಮಾತು ಬಿಟ್ಟು, ಸಂಜೆ ಒಟ್ಟಿಗೆ ಕೂತು ನೆನೆಸಿದ ಅವರೆಕಾಳು ಹಿಚುಕಿದರು. ನಡುವೆ ಸಿಕ್ಕಿಕೊಂಡವಳು ನಾನು.

ವಿಭಾ ನಿನಗೆ ಮೆಸೇಜು ಹಾಕಿ ವಿಧಾನ ಕೇಳಿದಳು. ಸದ್ಯ, ಸೋದರ ಸೊಸೆಯನ್ನಾದರೂ ಬ್ಲಾಕ್ ಮಾಡಿಲ್ಲ. ನಿನ್ನ ಉತ್ತರ ನನ್ನ ಮುಂದೆ ಬರೆದಿಟ್ಟುಕೊಂಡಿದ್ದೇನೆ. "ನೂಡಲ್ಸ್ ಬೇಯ್ಸಿ ಸೋಸು. ಚಿಕನ್ ಹೈ ಫ್ಲೇಮಲ್ಲಿ ಹುರಿ. ತರಕಾರಿ ಹಾಕು. ಸಾಸ್ ಹಾಕಿ ಟಾಸ್ ಮಾಡು. ಅಷ್ಟೇ." ಇದು ಅಡುಗೆಯ ವಿಧಾನವೋ ಇಲ್ಲ ಬಸ್ ಸ್ಟಾಪುಗಳ ಹೆಸರೋ? ಯಾವ ಸಾಸು, ಎಷ್ಟು ಸಾಸು ಅಂತ ಅವಳು ಮತ್ತೆ ಕೇಳಿದರೆ "ಕಣ್ಣಂದಾಜು" ಅಂತ ಒಂದೇ ಪದ. ಕಣ್ಣು ನಿನ್ನ ಮುಖದಲ್ಲಿದೆಯಲ್ಲಪ್ಪ, ಅಂದಾಜು ನನಗೆ ಎಲ್ಲಿಂದ ಬರಬೇಕು?

ನಿನ್ನೆ ಸ್ಕೂಲಿನ ಆಫೀಸ್ ಕೆಲಸ ಅರ್ಧ ದಿನಕ್ಕೆ ಮುಗಿಸಿ ಜಯನಗರ ಫೋರ್ತ್ ಬ್ಲಾಕಿಗೆ ಹೋದೆ. ಮೂರು ಅಂಗಡಿ ಸುತ್ತಿದೆ. ಮೂರನೆಯವನು ಹಕ್ಕಾ ನೂಡಲ್ಸ್ ಪ್ಯಾಕೆಟ್ಟು ತೆಗೆದು ಮುಂದಿಟ್ಟ. "ಜಪಾನಿಂದು ಬೇಕು" ಅಂದೆ. "ಮೇಡಂ, ಇದೂ ಆ ಕಡೇದೇ. ಒಂದೆರಡು ಊರು ಆಚೆ ಈಚೆ ಅಷ್ಟೇ" ಅಂದ. ಸೋಯಾ ಸಾಸು ಸಿಕ್ಕಿತು. ಅದರ ಜೊತೆಗೆ ವಿಭಾ ಯಾವುದೋ ವಿಡಿಯೋ ನೋಡಿ ಬರೆದುಕೊಟ್ಟಿದ್ದ ಇನ್ನೊಂದು ಸಾಸಿನ ಹೆಸರು ನನಗೂ ಅವನಿಗೂ ಓದಲು ಬರಲಿಲ್ಲ. ಫೋನಿನಲ್ಲಿ ಬಾಟಲಿಯ ಫೋಟೋ ತೋರಿಸಿ ತಂದೆ.

ಇವತ್ತು ಮಧ್ಯಾಹ್ನ ಮೊದಲ ಸಲ ಮಾಡಿದೆ. ನಗುವುದಾದರೆ ಈಗಲೇ ನಕ್ಕುಬಿಡು. ಒತ್ತುಶಾವಿಗೆ ಮಾಡಿ ಅಭ್ಯಾಸವಾದ ಕೈ. ನೂಡಲ್ಸನ್ನು ಚೆನ್ನಾಗಿ ಬೇಯಿಸಿ, ಸೋಸಿ, ಬಿಸಿ ಆರದಿರಲಿ ಅಂತ ಮೇಲೆ ತಟ್ಟೆ ಮುಚ್ಚಿಟ್ಟೆ. ತೆಗೆದು ನೋಡಿದರೆ ಪಾತ್ರೆಯ ಆಕಾರದಲ್ಲೇ ಒಂದು ಮುದ್ದೆ ಹೊರಗೆ ಬಿತ್ತು. ಹೇಗೋ ಬಿಡಿಸಿ, ಬಾಣಲೆಗೆ ಎಣ್ಣೆ ಹಾಕಿ ಕೋಸಿನ ಕಡೆಗೆ ತಿರುಗಿದೆ ನೋಡು, ಅಷ್ಟರಲ್ಲಿ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಡಬ್ಬಿ ತೆಗೆದು ಸಾಸಿವೆ ಹಾಕಿ, ಕರಿಬೇವನ್ನೂ ಹಾಕಿಬಿಟ್ಟಿದೆ. ಸಾಸಿವೆ ಸಿಡಿದಾಗಲೇ ನನಗೆ ಎಚ್ಚರವಾದದ್ದು. ಮೂವತ್ತು ವರ್ಷದ ಅಭ್ಯಾಸ, ಯಾರನ್ನು ಬೈಯಲಿ? ಇಷ್ಟು ಸಾಲದು ಅಂತ ಸೋಯಾ ಸಾಸಿನ ಮೇಲೆ ಒಂದು ಚಮಚ ಉಪ್ಪನ್ನೂ ಹಾಕಿದ್ದೆ. ನಿನ್ನ ಭಾವ ಒಂದು ತುತ್ತು ಬಾಯಿಗಿಟ್ಟು, ಚೊಂಬಿನ ನೀರು ಪೂರ್ತಿ ಕುಡಿದು, "ಎಡೆಗೆ ತಾನೇ? ಅವರು ಹೆಂಗೂ ವಾಪಸ್ ಬಂದು ಕಂಪ್ಲೇಂಟ್ ಮಾಡಲ್ಲ" ಅಂದರು. ಅಮ್ಮ ಮಾತ್ರ ತಟ್ಟೆ ಖಾಲಿ ಮಾಡಿ, "ಉಪ್ಪಿಟ್ಟಿಗೆ ಕೋಳಿ ಹಾಕ್ದಂಗೈತೆ. ಚೆನ್ನಾಗೈತೆ. ಆದ್ರೆ ಅದಲ್ಲ ಇದು" ಅಂದಳು.

ಅದಲ್ಲ ಇದು. ಹಾಗಾದರೆ ಅದು ಯಾವುದು? ಹೇಳಿ ಅಂದರೆ ಯಾರಿಗೂ ಗೊತ್ತಿಲ್ಲ. ಕೈ ನೋಯುತ್ತಿದೆ, ಮಿಕ್ಕದ್ದು ಆಮೇಲೆ ಬರೆಯುತ್ತೇನೆ.

ಬುಧವಾರ, ೧೭

ಪತ್ರ ಫ್ರಿಜ್ಜಿನ ಮೇಲೆ ಮೂರು ದಿನ ಹಾಗೇ ಇತ್ತು. ಅದರ ಮೇಲೆ ಬಿದ್ದಿರುವ ಎಣ್ಣೆಯ ಕಲೆ ನಿನ್ನ ಸೀತಮ್ಮತ್ತೆಯ ಕೃಪೆ.

ಇವತ್ತು ಎರಡನೇ ಸಲ ಮಾಡಿದೆ. ಕೋಳಿ ಅಂಗಡಿಯ ಪಂಕಜಕ್ಕನಿಗೆ "ಲೆಗ್ ಪೀಸು, ಮೂಳೆ ತೆಗ್ದು, ಬೆರಳಿನ ಥರ ಸಣ್ಣಗೆ ಕಟ್ ಮಾಡಿಕೊಡಿ" ಅಂದೆ. ಹಿಂದೆ ನಿಂತಿದ್ದವರೆಲ್ಲ ನನ್ನನ್ನೇ ನೋಡಿದರು. "ಮೂಳೆ ಇಲ್ದೆ ಏನ್ ರುಚಿ ಬರುತ್ತೆ ಶಾಲಿನಿ? ಮಗೂಗಾ?" ಅಂದರು ಪಂಕಜಕ್ಕ. "ಅಪ್ಪಂಗೆ" ಅಂದೆ. ಅವರು ಕಾಲು ಗಂಟೆ ಕೂತು ಒಂದೊಂದಾಗಿ ಬಿಡಿಸಿ ಕೊಟ್ಟರು.

ಈ ಸಲ ನೂಡಲ್ಸನ್ನು ಅರ್ಧ ಬೇಯುತ್ತಲೇ ಇಳಿಸಿ, ತಣ್ಣೀರಿನಲ್ಲಿ ತೊಳೆದು, ಎಣ್ಣೆ ಸವರಿ ಮೊರದ ಮೇಲೆ ಹರಡಿದೆ. ಸಾಸಿವೆ ಡಬ್ಬಿಯನ್ನು ವಿಭಾಳ ಕೈಗೆ ಕೊಟ್ಟು, ನಾನು ಕೇಳಿದರೂ ಕೊಡಬೇಡ ಅಂದೆ. ಉರಿ ಜೋರು ಮಾಡಿದರೆ ಬಾಣಲೆ ಹೊಗೆ, ಸಣ್ಣ ಮಾಡಿದರೆ ಕೋಸು ನೀರು ಬಿಟ್ಟು ಪಲ್ಯ. "ಈ ಒಲೇಲಿ ಆಗಲ್ಲ, ಹೋಟ್ಲು ಒಲೆ ಬೇಕು" ಅಂದೆ. ಅತ್ತೆ ಹಿಂದಿನಿಂದ, "ಕುಣೀಲಾರ್ದವ್ಳು ನೆಲ ಡೊಂಕು ಅಂದ್ಳಂತೆ" ಅಂದಳು. ಅಷ್ಟರಲ್ಲಿ ಹಾಲಿನವರು ಬೆಲ್ ಮಾಡಿದರು. ನಾನು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಒಂದು ಚಮಚ ಅಚ್ಚಖಾರದಪುಡಿ ಉದುರಿಸಿ ಕಲಸಿಬಿಟ್ಟಿದ್ದಳು. "ಕೆಂಪಗೆ ಕಾಣ್ಲಿ ಅಂತ. ಬೆಳ್ಳಗೆ ಇಟ್ರೆ ಅಪಶಕುನ ಕಣೇ" ಅಂದಳು.

ನನಗೆ ಬಂದ ಸಿಟ್ಟು! "ಅತ್ತೆ, ಖಾರ ತಿನ್ನೋಕ್ಕಾಗ್ದೆ ತಾನೇ ಅಪ್ಪ ಇದನ್ನ ತಿಂತಿದ್ದಿದ್ದು? ಗಂಟ್ಲು ಸುಟ್ಟುಹೋಗಿತ್ತಲ್ಲ!" ಅಂತ ಕಿರುಚಿಬಿಟ್ಟೆ. ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತು, "ಈಗ್ಲೂ ಸುಡ್ತಿರುತ್ತಾ? ಹೋದ್ ಮೇಲೂನಾ?" ಅಂದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡಳು. ಈಗ ಅವಳನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ ಆಯಿತು. ಬಾಣಲೆಯಲ್ಲಿದ್ದದ್ದು ಅಷ್ಟರಲ್ಲಿ ತಳ ಹಿಡಿಯಿತು.

ನನ್ನ ನಿಜವಾದ ಕಷ್ಟ ಏನು ಗೊತ್ತಾ ವೇಣು? ಎಡೆಯ ಅಡುಗೆಯನ್ನು ಹಿರಿಯರು ಉಣ್ಣುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ. ಸಾರಿಗೆ ಉಪ್ಪು ಎಷ್ಟು ಅಂತ ಕೈಗೆ ಗೊತ್ತು, ಮೂಗಿಗೆ ಗೊತ್ತು, ತೊಂದರೆಯಿಲ್ಲ. ಇದು ನನ್ನ ಕೈಗೂ ಗೊತ್ತಿಲ್ಲ, ಮೂಗಿಗೂ ಗೊತ್ತಿಲ್ಲ. ಅದಕ್ಕೇ ಮುಂಚೆ ನಾಲ್ಕು ಸಲ ಮಾಡಿ ಕಲಿಯೋಣ ಅಂದರೆ, ಸರಿಯಾಯಿತೋ ಇಲ್ಲವೋ ಹೇಳುವವರು ಯಾರು? ವಿಭಾ ಒಂದು ಸಲ ಡಬ್ಬಿಯ ತಳ ಬಳಿದು ತಿಂದಿದ್ದಾಳಂತೆ. "ಮಾವ ಮಾಡಿದ್ದು ಸ್ವಲ್ಪ ಸ್ವೀಟ್ ಇತ್ತಮ್ಮ" ಅಂತಾಳೆ. ಎಷ್ಟು ಸ್ವೀಟು ಅಂದರೆ "ಸಖತ್ತಾಗಿತ್ತು" ಅಂತಾಳೆ. ಅಮ್ಮ ಅದರ ವಾಸನೆ ನೋಡಿದವಳೇ ಹೊರತು ತಿಂದವಳಲ್ಲ, ಇದ್ದದ್ದೆಲ್ಲ ಅವರಿಗೇ ಇರಲಿ ಅನ್ನುತ್ತಿದ್ದಳು. ನಾನಂತೂ ಆ ಆರು ತಿಂಗಳಲ್ಲಿ ಒಂದು ಎಳೆಯನ್ನೂ ಬಾಯಿಗೆ ಹಾಕಲಿಲ್ಲ. ಅಪ್ಪ ಪ್ರತಿ ಸಲ, "ಶಾಲೂ, ಒಂದ್ ಬಾಯಿ ತಿನ್ನು ಬಾ, ನಿನ್ ತಮ್ಮ ಮಾಡಿರೋದು" ಅಂತ ಕರೆಯುತ್ತಿದ್ದ. ಹಸಿವಿಲ್ಲ ಅನ್ನುತ್ತಿದ್ದೆ.

ಇದರ ಮೇಲೆ ಅಮ್ಮನದು ಇನ್ನೊಂದು ಹಟ. ನೀನು ಬರಬೇಕಂತೆ. "ಗಂಡುಮಗ ಧೂಪ ಹಾಕ್ದಿದ್ರೆ ನಿಮ್ಮಪ್ಪ ಬಾಗ್ಲಾಚೇನೇ ನಿಂತ್ಕೊಂಡ್ಬಿಡ್ತಾರೆ. ವೇಣು ಬರ್ದೆ ನಾನು ಎಡೆ ಇಡ್ಸಲ್ಲ. ಎಲೆ ಖಾಲಿ ಇರ್ಲಿ" ಅಂತ ಕೂತಿದ್ದಾಳೆ. ನನಗೆ ಮೈ ಉರಿಯಿತು. ಹತ್ತು ತಿಂಗಳು ಅಪ್ಪನ ಬಟ್ಟೆ ಒಗೆದು, ಕಫದ ಬಟ್ಟಲು ತೊಳೆದು, ಸ್ಕೂಲಿಗೆ ರಜೆ ಹಾಕಿ ಆಸ್ಪತ್ರೆಯ ಕ್ಯೂನಲ್ಲಿ ನಿಂತವಳು ನಾನು. ಧೂಪ ಹಾಕುವುದಕ್ಕೆ ಮಾತ್ರ ಗಂಡುಮಗ ಬೇಕು! ಹಾಗಂತ ಅಂದೂಬಿಟ್ಟೆ. ಅಮ್ಮ ನನ್ನ ಮುಖ ನೋಡದೆ, "ನೀನ್ ಬೇಡ ಅಂತ ಯಾರೂ ಅಂದಿಲ್ಲ. ಅವ್ನೂ ಬೇಕು ಅಂದೆ" ಅಂದಳು.

ಆದ್ದರಿಂದ ಬರೆಯುತ್ತಿದ್ದೇನೆ. ನೀನು ಯಾಕೆ ಬರುತ್ತಿಲ್ಲ ಅಂತ ನನಗೆ ಗೊತ್ತು, ಊರಿಗೂ ಗೊತ್ತು. ಹನ್ನೊಂದನೇ ದಿನದ ತಿಥಿಯಲ್ಲಿ ಎಲೆಯ ಮುಂದೆ ಎದ್ದು ನಿಂತು, "ಒಂದು ಡಬ್ಬಿಗೋಸ್ಕರ ನನ್ನ ಗೇಟಲ್ಲೇ ನಿಲ್ಲಿಸಿದ್ಳು ಇವ್ಳು" ಅಂದೆಯಲ್ಲ. ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಅದು ಶ್ರಾವಣದ ಮೂರನೇ ಶನಿವಾರ. ನಮ್ಮ ಮನೆದೇವರು ತಿಮ್ಮಪ್ಪ. ಶ್ರಾವಣ ಶನಿವಾರ ಈ ಹೊಸ್ತಿಲೊಳಗೆ ಕೋಳಿ ಬಂದದ್ದು ಇಲ್ಲ. ಅಪ್ಪನೂ ಆಗತಾನೇ ಮಲಗಿದ್ದ. ನಾಳೆ ಬಾ ಅಂದೆ. ಮಾರನೆಯ ದಿನ ಬೆಳಗಿನ ಜಾವವೇ ಅಪ್ಪ ಹೊರಟುಬಿಡುತ್ತಾನೆ ಅಂತ ನಾನು ಕನಸು ಕಂಡಿದ್ದೆನೇ? ನಿನಗೊಬ್ಬನಿಗೇ ಅಪ್ಪನಾ ಅವನು? ವರ್ಷದ ತಿಥಿಗೂ ಬರದೆ ಎಲ್ಲೋ ಆಶ್ರಮದಲ್ಲಿ ಊಟ ಹಾಕಿಸಿದೆಯಂತೆ. ಅಮ್ಮ ಅವತ್ತು ಒಂಬತ್ತು ಸಲ ಗೇಟಿನ ಹತ್ತಿರ ಹೋಗಿ ಬಂದಳು. ಲೆಕ್ಕ ಹಾಕಿದ್ದು ವಿಭಾ.

ಸಾಕು. ಇನ್ನು ಬರೆದರೆ ಬೈಗುಳವೇ ಆಗುತ್ತದೆ.

ಗುರುವಾರ, ೧೮

ಇವತ್ತು ಮಧ್ಯಾಹ್ನ ಮೂರನೇ ಸಲ. ನಿನ್ನೆಯ ಕೋಳಿ ಸ್ವಲ್ಪ ಎತ್ತಿಟ್ಟಿದ್ದೆ. ಅತ್ತೆ ಚಿಕ್ಕಲಸಂದ್ರದ ಗೆಳತಿಯ ಮನೆಗೆ ಹೋಗಿದ್ದಳು. ಅಡುಗೆಮನೆಯಲ್ಲಿ ಉಪದೇಶ ಮಾಡುವವರು ಯಾರೂ ಇರಲಿಲ್ಲ. ಒಂದೇ ಸಲಕ್ಕೆ ಎಲ್ಲ ಸುರಿಯದೆ, ಇಬ್ಬರಿಗೆ ಆಗುವಷ್ಟೇ ತೆಗೆದುಕೊಂಡೆ. ಬಾಣಲೆ ಹೊಗೆಯಾಡುವ ತನಕ ಕಾಯಿಸಿ ಕೋಳಿ ಹಾಕಿ ಮುಟ್ಟದೆ ಬಿಟ್ಟೆ. ಒಂದು ಮಗ್ಗುಲು ಕೆಂಪಾದ ಮೇಲೆ ಮಗುಚಿದೆ. ಕೋಸು, ಕ್ಯಾರೆಟ್ಟು, ಈರುಳ್ಳಿ ಎರಡು ನಿಮಿಷ, ಗರಿಗರಿ ಇರುವಾಗಲೇ ನೂಡಲ್ಸು. ಸಾಸುಗಳನ್ನು ಮೊದಲೇ ಲೋಟದಲ್ಲಿ ಕಲಸಿ, ಉಪ್ಪಿಗೆ ಕೈ ಹಾಕದೆ, ಸ್ವೀಟು ಅಂದಳಲ್ಲ ವಿಭಾ ಅಂತ ಒಂದು ಉಂಡೆ ಬೆಲ್ಲ ಕರಗಿಸಿ, ಬಾಣಲೆಯ ಅಂಚಿಗೆ ಸುರಿದೆ. ಚುಂಯ್ ಅಂತ ಹೊಗೆ ಎದ್ದಿತು. ಜಪಾನಿನವರು ಬೆಲ್ಲ ಹಾಕುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಏನು ಹಾಕುತ್ತೀಯೋ ಅದೂ ಗೊತ್ತಿಲ್ಲ.

ಅಮ್ಮ ನಡುಮನೆಯಲ್ಲಿ ಧಾರಾವಾಹಿ ನೋಡುತ್ತಿದ್ದವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಮೂಗಿನಿಂದ ಉಸಿರು ಎಳೆದುಕೊಂಡು, "ಬಂದ್ನಾ?" ಅಂದಳು.

"ಯಾರಮ್ಮ?"

"ವೇಣು. ಡಬ್ಬಿ ವಾಸ್ನೆ ಬಂತಲ್ಲ."

ನಾನು ಒಲೆ ಆರಿಸಿದೆ. ಅಮ್ಮ ಬಾಣಲೆಯೊಳಗೆ ಬಗ್ಗಿ ನೋಡಿ, ನಾನೇ ಮಾಡಿದ್ದು ಅಂತ ಗೊತ್ತಾದ ಮೇಲೆ, ಗೋಡೆ ಹಿಡಿದುಕೊಂಡು ಅಲ್ಲೇ ಕೂತಳು. ಅತ್ತಳು. ಅಪ್ಪ ಹೋದಾಗ ಅತ್ತದ್ದಕ್ಕಿಂತ ಜಾಸ್ತಿ ಅತ್ತಳು ಅಂದರೆ ನಂಬು. "ಅವ್ನಿಗೆ ಫೋನ್ ಮಾಡೇ" ಅಂದಳು. ನನ್ನ ನಂಬರು ಬ್ಲಾಕ್ ಆಗಿದೆ ಅಂದೆ. "ಯಾರ್ಗಾದ್ರೂ ಹೇಳಿ ತೆಗ್ಸೋಕಾಗಲ್ವಾ? ನಿನ್ ಗಂಡಂಗೆ ಹೇಳು, ಕರೆಂಟ್ ಆಫೀಸ್ನಲ್ಲಿ ಗುರ್ತಿರೋರು ಇದಾರಲ್ಲ" ಅಂದಳು. ಅಳುವುದೋ ನಗುವುದೋ ತಿಳಿಯದೆ ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ. ಅಮ್ಮನ ಫೋನಿನಿಂದ ಮಾಡಿದರೂ ನೀನು ಹಬ್ಬದ ವಿಷಯ ಎತ್ತುತ್ತಿದ್ದಂತೆ "ಕೆಲ್ಸ ಇದೆ ಅಮ್ಮ" ಅಂತ ಇಟ್ಟುಬಿಡುತ್ತೀಯಂತೆ.

ಆಮೇಲೆ ಅಮ್ಮ, ವಿಭಾ, ನಾನು ಮೂವರೂ ತಿಂದೆವು. ಚೆನ್ನಾಗಿತ್ತು ವೇಣು. ಅಪ್ಪನಿಗೆ ಯಾಕೆ ಹಿಡಿಸಿತು ಅಂತ ಗೊತ್ತಾಯಿತು. ನಾಲಿಗೆಗೆ ಯಾವ ಜಗಳವನ್ನೂ ತರುವುದಿಲ್ಲ ಅದು, ಮೆತ್ತಗೆ ಇಳಿದುಹೋಗುತ್ತದೆ. ನಿನ್ನ ಕೈಯಲ್ಲಿ ಇನ್ನೂ ಚೆನ್ನಾಗಿರುತ್ತಿತ್ತೇನೋ.

ಹಾಗಾಗಿ ಕೇಳುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾ. ಭಾನುವಾರ ಹೋಟೆಲಿನಲ್ಲಿ ಜನ ಜಾಸ್ತಿ, ರಜೆ ಸಿಗುವುದಿಲ್ಲ ಅಂತೀಯ. ಒಂದು ಸಲಕ್ಕೆ ಸುಳ್ಳು ಹೇಳು, ಪರವಾಗಿಲ್ಲ. ನಾಟಿಕೋಳಿ ಸಾರು, ಮು‌ದ್ದೆ, ವಡೆ ಎಲ್ಲ ನಾನು ಮುಗಿಸಿರುತ್ತೇನೆ. ಒಲೆ ಬಿಟ್ಟುಕೊಡುತ್ತೇನೆ, ಶಾವಿಗೆ ನೀನು ಮಾಡು. ಧೂಪ ಹಾಕು. ನನ್ನ ಜೊತೆ ಮಾತನಾಡಬೇಕಾಗಿಲ್ಲ. ನಿನಗೆ ಏನಾದರೂ ಬೇಕಾದರೆ ವಿಭಾಳ ಹತ್ತಿರ ಹೇಳಿಕಳಿಸು, ನಾನು ಎತ್ತಿಕೊಡುತ್ತೇನೆ. ಅಮ್ಮನಿಗೆ ಎಪ್ಪತ್ತು ದಾಟಿತು. ಇನ್ನೆಷ್ಟು ಎಡೆ ಇಡುತ್ತಾಳೆ ಅವಳು?

ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು. ಬೇರೆಯವರಿಗೆ ಬಡಿಸಿ ನೀನು ಉಪವಾಸ ಇರಬೇಡ. ತಿಮ್ಮಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಕೈಯಲ್ಲಿ ಯಾವಾಗಲೂ ರುಚಿ ನಿಲ್ಲಲಿ. ಅಮ್ಮನೂ ಆಶೀರ್ವಾದ ತಿಳಿಸಿದ್ದಾಳೆ. ಅತ್ತೆ ಬೈಗುಳ ತಿಳಿಸಿದ್ದಾಳೆ, ಅದನ್ನು ಬಂದು ಇಸಿದುಕೋ.

ನಿನ್ನ ಅಕ್ಕ,
ಶಾಲಿನಿ

ತಾ.ಕ.: ಕವರಿಗೆ ಅಂಟು ಹಚ್ಚಿ ಪೋಸ್ಟ್ ಆಫೀಸಿನ ಮೆಟ್ಟಿಲ ತನಕ ಹೋಗಿದ್ದೆ. ಅಲ್ಲೇ ಹರಿದು ತೆಗೆದು, ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಮೇಲೆ ಒಂದು ಸುಳ್ಳಿದೆ. ಆ ಶನಿವಾರ ಅಪ್ಪ ಮಲಗಿರಲಿಲ್ಲ. ದಿಂಬಿಗೆ ಒರಗಿ ಕೂತಿದ್ದ. ಅಮ್ಮ ವಸಂತಪುರದ ದೇವಸ್ಥಾನಕ್ಕೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬಳೇ. ಶ್ರಾವಣವೂ ನೆಪ. ಹಿಂದಿನ ಶನಿವಾರ ಡಾಕ್ಟರು ಹೇಳಿದರು ಅಂತ ನಾನೇ ಮೊಟ್ಟೆ ಬೇಯಿಸಿ, ತಿಮ್ಮಪ್ಪನಿಗೆ ತಪ್ಪಾಯಿತು ಅಂತ ಕೈಮುಗಿದು, ಅಪ್ಪನಿಗೆ ತಿನ್ನಿಸಿದ್ದೆ. ಅವತ್ತು ಬೆಳಿಗ್ಗೆ ರಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ ಗಂಜಿ ಮಾಡಿದ್ದೆ. ಎರಡು ಚಮಚ ಕುಡಿದು ಮುಖ ತಿರುಗಿಸಿ, "ವೇಣು ಇವತ್ತು ಬರ್ತಾನಾ?" ಅಂದ. ಅಷ್ಟರಲ್ಲಿ ನಿನ್ನ ಗಾಡಿಯ ಸದ್ದಾಯಿತು. ನನ್ನ ಹೊಟ್ಟೆ ಹೇಗೆ ಉರಿಯಿತು ಅಂದರೆ, ನಾನೇ ಓಡಿ ಬಂದು ಗೇಟಿಗೆ ಅಡ್ಡ ನಿಂತೆ.

ನಿನ್ನನ್ನು ಕಳಿಸಿ ಒಳಗೆ ಬಂದಾಗ, "ವೇಣು ದನಿ ಕೇಳ್ದಂಗಾಯ್ತು" ಅಂದ ಅಪ್ಪ. "ಇಲ್ಲಪ್ಪ, ಗ್ಯಾಸಿನವ್ರು" ಅಂದೆ. "ಪಾಪ, ಅವ್ನಿಗೂ ಕೆಲ್ಸ ಇರುತ್ತೆ. ನಾನೂ ಅವ್ನಿಗೆ ಕಮ್ಮಿ ಬೈದಿಲ್ಲ ಬಿಡು. ಆ ಗಂಜೀನೇ ಕೊಡು" ಅಂದ. ಪೂರ್ತಿ ಲೋಟ ಕುಡಿದ. ತಿಂಗಳುಗಳ ಮೇಲೆ ಮೊದಲ ಸಲ ನಾನು ಮಾಡಿದ್ದನ್ನು ಪೂರ್ತಿ ಕುಡಿದ. ನನಗೆ ಖುಷಿಯಾಯಿತು ವೇಣು. ಲೋಟ ತೊಳೆಯುವಾಗ ಹಾಡು ಗುನುಗುತ್ತಿದ್ದೆ. ಅದೇ ಅವನ ಕೊನೆಯ ಊಟ. ನೀನು ಬರಲಿಲ್ಲ ಅಂದುಕೊಂಡೇ ಹೋದ.

ಅಮ್ಮನಿಗೆ ಇದು ಗೊತ್ತಿಲ್ಲ. ಈ ಒಂದು ವರ್ಷ ನೀನು ನನ್ನನ್ನು ಬೈದದ್ದಕ್ಕೆಲ್ಲ ನಾನು ತಿರುಗಿ ಬೈದದ್ದು ಇದಕ್ಕೇ. ಭಾನುವಾರ ಎಡೆಯ ಮುಂದೆ ನಿಂತು, ಅವತ್ತು ವೇಣು ಬಂದಿದ್ದ ಅಂತ ಅಪ್ಪನಿಗೆ ಹೇಳಬೇಕು. ಒಬ್ಬಳೇ ಹೇಳುವುದಕ್ಕೆ ನನ್ನ ಕೈಲಿ ಆಗುವುದಿಲ್ಲ. ಬಾರೋ.